ಸೋರದ ಕಟ್ಟ

ಸ್ಟ್ಯಾನಿಸ್ಲಾಸನ ಕಟ್ಟ ಒಂದು ಹನಿಯೂ ಸೋರುತ್ತಿರಲಿಲ್ಲ. ಉದ್ಯಾವರ ದಾಟಿ ಮಟ್ಟುವಿನ ಕಡೆ ಹೋಗುವಾಗ, ಹೊಳೆ ಎರಡಾಗಿ ಸೀಳಿ ಒಂದು ಕುದ್ರುವನ್ನು ನಡುವೆ ಇಟ್ಟುಕೊಂಡು ಹರಿಯುವ ಕಡೆ ಆ ಸಣ್ಣ ಊರು ಇತ್ತು. ಅಲ್ಲಿ ಈ ಮಾತನ್ನು ಅಲ್ಲಗಳೆಯುವ ಗಂಡು ಹುಟ್ಟಿರಲಿಲ್ಲ. ಹುಟ್ಟಿದ್ದರೆ ಅವನನ್ನು ಡಿಸೆಂಬರಿನಲ್ಲಿ ಕಟ್ಟದ ಬುಡಕ್ಕೆ ಕರೆತಂದು ಬೈರಾಸಿನ ಪರೀಕ್ಷೆ ತೋರಿಸಿದರೆ ಸಾಕಿತ್ತು.

ಕಟ್ಟ ಎಂದರೆ ಮಂತ್ರಿಗಳು ಬಂದು ಬಾಗಿನ ಬಿಡುವಂಥ ಅಣೆಕಟ್ಟಲ್ಲ. ಹೊಳೆಗೆ ಅಡ್ಡಲಾಗಿ ಕಲ್ಲಿನ ಕಂಬಗಳು, ಕಂಬಗಳ ಕಚ್ಚಿನಲ್ಲಿ ಕೂರುವ ಎರಡು ಸಾಲು ಹಲಗೆ, ಎರಡರ ನಡುವೆ ತುಳಿದು ತುಂಬಿದ ಜೇಡಿಮಣ್ಣು, ಅಷ್ಟೆ. ಮಳೆ ಹೋಗಿ ಹೊಳೆ ಸೊರಗಿದ ಮೇಲೆ ಪ್ರತಿ ಉಬ್ಬರಕ್ಕೂ ಸಮುದ್ರದ ಉಪ್ಪುನೀರು ಮೇಲೇರಿ ಬರುತ್ತದೆ. ಅದನ್ನು ತಡೆಯದೆ ಬಿಟ್ಟರೆ ಗುಳ್ಳ ಬದನೆಯ ಗಿಡ ಎಲೆಯ ಅಂಚಿನಿಂದ ಸುಟ್ಟುಕೊಂಡು ಬರುತ್ತದೆ, ಬಾವಿಯ ನೀರು ಗಂಜಿ ಬೇಯಿಸಲೂ ಆಗದಂತಾಗುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಹಲಗೆ ಹಾಕುವುದು, ಮೇ ಕೊನೆಗೆ ಮಳೆ ಹಿಡಿಯುವ ಮೊದಲು ತೆಗೆಯುವುದು. ಹಲಗೆ ಹಾಕಿ ಮುಗಿದ ದಿನ ಇಳಿತದ ಹೊತ್ತಿಗೆ, ಸಮುದ್ರದ ಬದಿಯಲ್ಲಿ ಕಟ್ಟದ ಬುಡ ಬರಿದಾದಾಗ, ಸ್ಟ್ಯಾನಿಸ್ಲಾಸ್ ಹಲಗೆಗಳನ್ನು ಒರೆಸಿ, ಹೆಗಲ ಮೇಲಿನ ಒಣ ಬೈರಾಸನ್ನು ಸಂದಿಗೆ ಒತ್ತಿ ಬಿಗಿದು, ದಂಡೆಗೆ ಬಂದು ಚಹಾ ಕುಡಿಯುತ್ತಿದ್ದ. ಚಹಾ ಮುಗಿದ ಮೇಲೆ ಇಳಿದು ಬೈರಾಸನ್ನು ಬಿಚ್ಚಿ ಎಲ್ಲರೆದುರಿಗೆ ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದ. ಮುಖದ ಬೆವರಿನಿಂದಲ್ಲದೆ ಅದು ಬೇರೆ ಯಾವುದರಿಂದಲೂ ಒದ್ದೆಯಾದದ್ದನ್ನು ಊರು ಕಂಡಿರಲಿಲ್ಲ.

ಅವನ ಅಪ್ಪ ಬ್ಯಾಪ್ಟಿಸ್ಟನ ಕಾಲದಲ್ಲಿ ಹೀಗಿರಲಿಲ್ಲ. ಆ ಕಟ್ಟಕ್ಕೆ ಊರಿನವರು ಇಟ್ಟ ಹೆಸರೇ ‘ಬ್ಯಾಪ್ಟಿಸ್ಟನ ಜರಡಿ’. ಯಾರದೋ ಮನೆ ಕೆಡವಿದಾಗ ಸಿಕ್ಕ ಹಳೆಯ ಹಲಗೆ, ಯಾರೋ ಕೊಟ್ಟ ಮಾವಿನ ಮರ, ಸಂದಿಗೆ ಸುರಿದ ಒಣಹುಲ್ಲು. ಸೋರದೆ ಏನು ಮಾಡೀತು? ಹಿರಿಯರು ಎಲ್ಲವನ್ನೂ ಯೋಚನೆ ಮಾಡಿಯೇ ಮಾಡಿದ್ದರು ಎಂದು ಈಗ ಭಾಷಣ ಬಿಗಿಯುವವರಿದ್ದಾರೆ. ಬ್ಯಾಪ್ಟಿಸ್ಟ್ ಯಾವ ಯೋಚನೆಯನ್ನೂ ಮಾಡಿರಲಿಲ್ಲ. ಅವನಲ್ಲಿ ಒಳ್ಳೆಯ ಹಲಗೆ ಇರಲಿಲ್ಲ, ಅಷ್ಟೆ.

ಇಗರ್ಜಿಯಿಂದ ಬರುವಾಗ ‘ಜರಡಿಯ ಮಗ’ ಎಂದು ಕರೆಸಿಕೊಂಡ ಹುಡುಗ ಆ ಮಾತನ್ನು ಮರೆಯಲಿಲ್ಲ. ಕಟ್ಟ ತನ್ನ ಕೈಗೆ ಬಂದ ವರ್ಷವೇ ಸ್ಟ್ಯಾನಿಸ್ಲಾಸ್ ಗಟ್ಟಿ ಮರದ ಹಲಗೆ ಕೊಯ್ಯಿಸಿದ, ನಡುವೆ ಲಾರಿಯ ಟಾರ್ಪಾಲು ಇಳಿಬಿಟ್ಟ, ಕುದ್ರುವಿನ ತುದಿಯಿಂದ ಅಂಟುಮಣ್ಣು ತರಿಸಿದ. ಊರಿನ ಗಂಡುಮಕ್ಕಳೆಲ್ಲ ಕುವೈಟು, ಮಸ್ಕತ್ತು ಎಂದು ಹೊರಟು ಹೋದ ಮೇಲೆ ಮಣ್ಣು ತುಳಿಯಲು ಕೊಪ್ಪಳದ ಕಡೆಯಿಂದ ಬಂದ ಈಶಪ್ಪ ಮತ್ತು ಅವನ ಹೆಂಡತಿ ರಾಚವ್ವ ಸಿಕ್ಕಿದರು. ಈಶಪ್ಪ ಪೇಟೆಯಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುವವನು, ಕಟ್ಟದ ಹೊತ್ತಿಗೆ ಮಾತ್ರ ಬರುತ್ತಿದ್ದ. ತುಳಿಯುವುದರಲ್ಲಿ ಗಟ್ಟಿ ರಾಚವ್ವ. ಸೀರೆ ಎತ್ತಿ ಸಿಕ್ಕಿಸಿಕೊಂಡು ಹಲಗೆಗಳ ನಡುವೆ ಇಳಿದರೆ ಅವಳ ಹಿಮ್ಮಡಿ ಮಣ್ಣಿನ ಒಳಗಿನ ಗಾಳಿಯನ್ನೂ ಹುಡುಕಿ ಹೊರಗೆ ಹಾಕುತ್ತಿತ್ತು. “ರಾಚವ್ವ ತುಳಿದ ಮೇಲೆ ಇರುವೆ ಸಹ ನುಗ್ಗುವುದಿಲ್ಲ ಮಾರಾಯ” ಎಂದು ಸ್ಟ್ಯಾನಿಸ್ಲಾಸ್ ಹೇಳಿಕೊಂಡು ತಿರುಗುತ್ತಿದ್ದ. ಅವರ ಮನೆಯೂ ಕಟ್ಟದ ಮೇಲ್ಬದಿಯ ದಂಡೆಯಲ್ಲೇ. ತಗಡಿನ ಮಾಡು, ಪಕ್ಕದಲ್ಲಿ ಯಾರೂ ಕೇಳದ ಹಳೆಯದೊಂದು ಬಾವಿ.

ತೊಂದರೆ ಮೇಲಿನಿಂದ ಬಂತು. ಪೇಟೆ ಬೆಳೆಯಿತು. ಗುಡ್ಡದ ಮೇಲೆ ಮಹಡಿಗೆ ಮಹಡಿ ಎದ್ದವು, ಅಷ್ಟೂ ಮನೆಗಳ ಬಚ್ಚಲು, ಪಾಯಖಾನೆಯ ನೀರು ಇಳಿದು ಇಳಿದು ತೋಡು ಸೇರಿತು, ತೋಡು ಹೊಳೆ ಸೇರಿತು. ಮಳೆಗಾಲದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಲಗೆ ಹಾಕಿದ ಮೇಲೆ ಶುರು. ಜನವರಿಯಲ್ಲಿ ನೀರು ಹಸಿರು, ಫೆಬ್ರವರಿಯಲ್ಲಿ ಕಂದು, ಮಾರ್ಚಿಗೆ ಡಾಮರು. ಮೇಯಲ್ಲಿ ಹಲಗೆ ಎತ್ತಿದ ದಿನ ಅಷ್ಟೂ ಕಪ್ಪುನೀರು ಒಮ್ಮೆಲೇ ಇಳಿದು ಕೆಳಗಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು, ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರು ಸ್ಟ್ಯಾನಿಸ್ಲಾಸನ ಹೆಸರು ಹಿಡಿದೇ ಶಪಿಸುತ್ತಿದ್ದರು. ಅರ್ಜಿ ಕೊಟ್ಟದ್ದೂ ಆಯಿತು. ಇಲ್ಲಿಯವರು ಅಲ್ಲಿ ಕೇಳಿ ಎಂದರು, ಅಲ್ಲಿಯವರು ಕೊಳಚೆ ಶುದ್ಧ ಮಾಡುವ ಘಟಕ ಬರುತ್ತದೆ ಎಂದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

“ಕೊಳೆ ನನ್ನದಲ್ಲವಲ್ಲ” ಎನ್ನುತ್ತಿದ್ದ ಸ್ಟ್ಯಾನಿಸ್ಲಾಸ್. “ನಾನು ಉಪ್ಪು ತಡೆಯುವವನು. ಪೇಟೆಯವರ ಹೇಲು ತಡೆಯುವುದು ನನ್ನ ಕೆಲಸವಾ?”

ಮಾತು ಸುಳ್ಳಲ್ಲ. ಎರಡು ಸಾವಿರದ ಮೂರನೇ ಇಸವಿಯ ಬೇಸಗೆಯ ತನಕ ಅದು ಅವನ ಹೊಟ್ಟೆಯನ್ನು ತಣ್ಣಗಿಟ್ಟಿತ್ತು.

ಆ ಬೇಸಗೆ ರಾಚವ್ವನ ಮಗಳು ಶಶಿಕಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತವರು ಎಂದರೆ ಅದೇ ತಗಡಿನ ಮನೆ, ಅದೇ ಬಾವಿ. ರಾಚವ್ವ ಮಗಳಿಗೆಂದು ಆದಿ ಉಡುಪಿಯ ಸಂತೆಯಿಂದ ಬೆಲ್ಲ, ಕೊಬ್ಬರಿ ತಂದಿಟ್ಟಿದ್ದಳು. ಮಾರ್ಚಿನಲ್ಲಿ ಹುಡುಗಿಯ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಕಾಮಾಲೆ ಎಂದರು, ಕೆಟ್ಟ ನೀರಿನಿಂದ ಬಂದದ್ದು ಎಂದರು, ಬಸುರಿಯರಿಗೆ ಬಂದರೆ ಹೇಳಲಾಗುವುದಿಲ್ಲ ಎಂದರು. ಶಶಿಕಲಾ ಉಳಿದಳು. ಕೂಸು ಉಳಿಯಲಿಲ್ಲ.

ಸ್ಟ್ಯಾನಿಸ್ಲಾಸ್ ಮತ್ತು ಅವನ ಹೆಂಡತಿ ಮ್ಯಾಗ್ಡಲಿನ್ ಮಾತಾಡಿಸಲು ಹೋದಾಗ ಈಶಪ್ಪ ಹೊಸ್ತಿಲ ಮೇಲೆ ಕೂತಿದ್ದ. “ಆ ಬಿಲ್ಡಿಂಗಿನಾಗ ಪಾಯಖಾನಿ ಪೈಪು ಕೂಡಸಾಕ ನಾನ ಕೈ ಹಚ್ಚೀನ್ರೀ ಯಜಮಾನ್ರ” ಎಂದ. “ಅದರ ನೀರು ಕುಡದಾಕಿ ನನ್ನ ಮಗಳು.” ಮ್ಯಾಗ್ಡಲಿನ್ ರಾಚವ್ವನ ಕೈ ಹಿಡಿದು ಅತ್ತಳು. ಸ್ಟ್ಯಾನಿಸ್ಲಾಸನಿಗೆ ಅಳಲೂ ಬರಲಿಲ್ಲ, ಕೂರಲೂ ಆಗಲಿಲ್ಲ. ಬಾವಿಯ ಕಟ್ಟೆಯವರೆಗೆ ಹೋಗಿ, ಬಗ್ಗಿ ನೋಡಿ ಬಂದ.

ಡಿಸೆಂಬರ್ ಬಂತು. ಹಲಗೆ ಇಳಿಯಿತು, ಟಾರ್ಪಾಲು ಇಳಿಯಿತು, ಮಣ್ಣಿನ ದೋಣಿ ಬಂತು. ಈಶಪ್ಪ ಬಂದ. ರಾಚವ್ವನೂ ಬಂದಳು, ಆದರೆ ದಂಡೆಯ ಮೇಲೆ ನಿಂತಳು. ಸೀರೆ ಎತ್ತಿ ಸಿಕ್ಕಿಸಲಿಲ್ಲ.

“ಇಳಿ ರಾಚವ್ವ, ಭರತದ ನೀರು ಏರುವ ಮೊದಲು ಮುಗಿಸಬೇಕು ಅಲ್ವಾ?” ಎಂದ ಸ್ಟ್ಯಾನಿಸ್ಲಾಸ್.

“ನಾ ಇಳಿಯಂಗಿಲ್ರೀ.”

“ಎಂತಕ್ಕೆ? ಹುಷಾರಿಲ್ಲವಾ?”

“ಹುಷಾರ ಅದೀನಿ.” ಅವಳು ತನ್ನ ಪಾದಗಳನ್ನೇ ನೋಡಿಕೊಂಡಳು. “ನಿಮ್ಮನ್ನ ಅನ್ನಂಗಿಲ್ಲ ಯಜಮಾನ್ರ. ಪ್ಯಾಟಿಯವರನ್ನೂ ಅನ್ನಂಗಿಲ್ಲ, ಅವರ ಮುಖಾ ನಾ ಕಂಡಿಲ್ಲ. ಆದ್ರ ಹನಿ ಹೋಗದಂಗ ತುಳದಾಕಿ ನಾನ ಅಲ್ರೀ? ಆ ನೀರು ಹೊರಗ ಹೊಕ್ಕೀನಿ ಅಂದ್ರೂ ಬಿಡಲಿಲ್ಲ ಈ ಕಾಲು. ಅಲ್ಲೇ ನಿಂತು ಕೊಳೀತು, ನನ್ನ ಬಾಂವಿಗೆ ಇಳೀತು. ಇನ್ನ ನಾ ತುಳಿಯಂಗಿಲ್ಲ.”

ಇಷ್ಟು ಹೇಳಿ ಹಿಂತಿರುಗಿ ಹೋದಳು. ಜನ ಮುಖ ಮುಖ ನೋಡಿಕೊಂಡರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಾಳೆ ಬರುತ್ತಾಳೆ ಎಂದು ಸ್ಟ್ಯಾನಿಸ್ಲಾಸ್ ನಗಾಡಿದ. ಆ ನಗು ಅವನಿಗೇ ಹಿತವಾಗಲಿಲ್ಲ. ಯಾರಾದರೂ ತನ್ನನ್ನು ಬೈದಿದ್ದರೆ ಅವನಿಗೆ ಉತ್ತರ ಸಿದ್ಧವಿತ್ತು, ವರ್ಷಗಳಿಂದ ಸಿದ್ಧವಿತ್ತು. ತನ್ನ ಕಾಲನ್ನೇ ಬೈದುಕೊಳ್ಳುವವಳಿಗೆ ಏನು ಉತ್ತರ ಕೊಡುವುದು?

ಅವಳು ನಾಳೆಯೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಗುಳ್ಳ ಬೆಳೆಯುವ ಎಡ್ಮಂಡ್, ಮ್ಯಾಗ್ಡಲಿನಳ ತಮ್ಮ, ತನ್ನ ಆಳುಗಳನ್ನು ಕರೆತಂದು ತುಳಿಸಿದ. ಅವರು ಕಾಲಿಗೆ ಕೆಸರು ಹತ್ತೀತೆಂದು ಹೆದರುವ ಜನ. ಬೈರಾಸಿನ ಪರೀಕ್ಷೆಯ ದಿನ ಸ್ಟ್ಯಾನಿಸ್ಲಾಸ್ ಚಹಾ ಮುಗಿಸಿ ಇಳಿದರೆ ಬೈರಾಸು ಹಿಂಡುವ ಹಾಗೆ ಒದ್ದೆಯಾಗಿತ್ತು. ಯಾರೋ ಹಿಂದಿನಿಂದ ‘ಜರಡಿ’ ಎಂದರು. ಅರವತ್ತರ ಹತ್ತಿರದ ಗಂಡಸಿಗೆ ಕಿವಿ ಕೆಂಪಾಯಿತು.

ಮರುದಿನ ಬೆಳಿಗ್ಗೆ ಸೋರುವ ಜಾಗ ಹುಡುಕಲೆಂದು ಇಳಿತದ ಹೊತ್ತಿಗೆ ಒಬ್ಬನೇ ಹೋದ. ಬುಡದ ಸಂದಿಯಿಂದ ನೀರು ಹೊರಗೆ ಚಿಮ್ಮುತ್ತಿತ್ತು. ಕೈ ಅಡ್ಡ ಹಿಡಿದು ಮೂಸಿದ. ಕೊಳೆತ ಮೊಟ್ಟೆಯ ವಾಸನೆ. ಮೇಲೆ ನಿಂತ ನೀರು ಇನ್ನೂ ಚೆನ್ನಾಗಿಯೇ ಇತ್ತು. ಕೊಳೆ ತಳದಲ್ಲಿ ಕೂರಲು ಶುರು ಮಾಡಿತ್ತು, ಈ ಕೆಟ್ಟ ಕೆಲಸದ ಸಂದಿ ಅದನ್ನೇ ಹುಡುಕಿ ಹೊರಗೆ ಕಳಿಸುತ್ತಿತ್ತು. ಅಪ್ಪನ ಜರಡಿಯ ಕಾಲದಲ್ಲಿ ಈ ಹೊಳೆ ಯಾವ ಬೇಸಗೆಯಲ್ಲೂ ನಾರಿರಲಿಲ್ಲ ಎಂಬುದು ಅವನಿಗೆ ನೆನಪಾಯಿತು. ಆಗ ಮೇಲೆ ಪೇಟೆಯೂ ಇಷ್ಟಿರಲಿಲ್ಲ ಎಂಬುದೂ ನೆನಪಾಯಿತು. ಎರಡನ್ನೂ ಕೂಡಿಸಿ ಕಳೆದು ನೋಡುತ್ತ, ಮುಚ್ಚಲು ತಂದ ಮಣ್ಣಿನ ಮುದ್ದೆಯನ್ನು ಕೈಯಲ್ಲೇ ಹಿಡಿದು ನಿಂತ. ಮುಚ್ಚದೆ ಮನೆಗೆ ಹೋದ.

ಸಂಜೆಯ ಹೊತ್ತಿಗೆ ಎಡ್ಮಂಡ್ ಅಂಗಳಕ್ಕೆ ನುಗ್ಗಿದ. ಗದ್ದೆಗೆ ಬಿಡುವ ನೀರನ್ನು ನಾಲಿಗೆಯಲ್ಲಿ ಮುಟ್ಟಿ ನೋಡುವುದು ಅವನ ಅಭ್ಯಾಸ. “ಉಪ್ಪು, ಬಾವ! ಭರತದ ನೀರು ಒಳಗೆ ಬರುತ್ತಾ ಉಂಟು. ಗಿಡ ಹೂ ಬಿಟ್ಟಿದೆ. ನೀವು ನೋಡಿಯೂ ಬಿಟ್ಟು ಬಂದಿರಂತೆ, ಎಂತ ಕಥೆ?”

“ಇಳಿತಕ್ಕೆ ಕೊಳೆ ಹೊರಗೆ ಹೋಗುತ್ತದೆ ಎಡ್ಮಂಡ್. ನಾನು ಮೂಸಿ ನೋಡಿದೆ.”

“ನೀವು ಮೂಸಿ, ನಾನು ನೆಕ್ಕುತ್ತೇನೆ! ನನ್ನ ಗುಳ್ಳ ಸುಟ್ಟರೆ ಯಾರು ಜವಾಬು? ಆ ಹೆಂಗಸು ಒಂದು ಮಾತು ಹೇಳಿದಳು ಅಂತ ಊರನ್ನು ಮುಳುಗಿಸುತ್ತೀರಾ?”

ಅವನು ಹೇಳಿದ್ದೂ ಸರಿಯೇ. ಇಳಿತಕ್ಕೆ ಕೊಳೆ ಹೋಗುವ ಸಂದಿಯಲ್ಲೇ ಉಬ್ಬರಕ್ಕೆ ಉಪ್ಪು ಬರುತ್ತದೆ. ಮುಚ್ಚಿದರೆ ರಾಚವ್ವನ ಬಾವಿ ಹೋಯಿತು, ತೆರೆದರೆ ಎಡ್ಮಂಡನ ಗದ್ದೆ ಹೋಯಿತು. ಅತ್ತ ದರಿ, ಇತ್ತ ಪುಲಿ. ಒಂದು ವಾರದಲ್ಲಿ ಮುಚ್ಚದಿದ್ದರೆ ತಾನೇ ಸಿಮೆಂಟು ಹಾಕಿ ಮುಚ್ಚುತ್ತೇನೆ ಎಂದು ಹೇಳಿ ಎಡ್ಮಂಡ್ ಚಹಾವನ್ನೂ ಮುಟ್ಟದೆ ಹೋದ. ಅಕ್ಕನ ಮನೆಯಲ್ಲಿ ಅವನು ಚಹಾ ಬಿಟ್ಟು ಹೋದದ್ದು ಅದೇ ಮೊದಲು.

ಸ್ಟ್ಯಾನಿಸ್ಲಾಸ್ ಆ ವಾರ ಎಲ್ಲರ ಮೇಲೂ ಹರಿಹಾಯ್ದ. ಊಟಕ್ಕೆ ಉಪ್ಪು ಜಾಸ್ತಿ ಎಂದ, ನಾಯಿ ಬೊಗಳುತ್ತದೆ ಎಂದ. ಭಾನುವಾರ ಪೂಜೆ ಮುಗಿಸಿ ಬಂದಾಗ ಮ್ಯಾಗ್ಡಲಿನ್ ಬಾವಿಕಟ್ಟೆಯಲ್ಲಿ ಪಂಪಿನ ಪೈಪನ್ನು ಎಳೆದು ಹಾಕಿಕೊಂಡು, ತುದಿಯ ಫುಟ್‌ವಾಲ್ವನ್ನು ಬಿಚ್ಚಿ ಕೂತಿದ್ದಳು. ಒಳಗಿನ ಚರ್ಮದ ತುಂಡು ಸವೆದು, ಎಳೆದ ನೀರೆಲ್ಲ ಬಾವಿಗೇ ವಾಪಸು ಬೀಳುತ್ತಿತ್ತು.

“ಇದನ್ನು ಸರಿ ಮಾಡಿಸಿ ಎಂದು ಎಷ್ಟು ಸಲ ಹೇಳಿದ್ದು?” ಎಂದಳು. “ಇಡೀ ಊರಿನ ನೀರಿನ ಚಿಂತೆ ನಿಮಗೆ, ಮನೆಯ ನೀರಿನದಿಲ್ಲ. ನೋಡಿ, ಅಂಗೈಯಷ್ಟು ಚರ್ಮ. ಮೇಲೆ ಹೋಗುವುದನ್ನು ಬಿಡುತ್ತದೆ, ಕೆಳಗೆ ಬರುವುದನ್ನು ಬಿಡುವುದಿಲ್ಲ. ನಿಮ್ಮ ಕಟ್ಟಕ್ಕೂ ಒಂದು ಫುಟ್‌ವಾಲ್ವು ಹಾಕಿಸಿ, ನಮ್ಮ ಮೇಲೆ ರೇಗುವುದಾದರೂ ನಿಲ್ಲಲಿ.”

ಅವಳು ಕುಟುಕಿದ್ದು. ಬೈಗುಳ ಬರುತ್ತದೆಂದು ಕಾದಳು, ಬರಲಿಲ್ಲ. ತಲೆ ಎತ್ತಿ ನೋಡಿದರೆ ಗಂಡ ಆ ಚರ್ಮದ ತುಂಡನ್ನು ಬೆರಳಿನಿಂದ ಮೇಲೆ ಎತ್ತುವುದು, ಬಿಡುವುದು, ಎತ್ತುವುದು, ಬಿಡುವುದು ಮಾಡುತ್ತಿದ್ದ. “ಊಟ?” ಎಂದಳು. “ಈಶಪ್ಪ ಮನೆಯಲ್ಲಿ ಇದ್ದಾನಾ ನೋಡಿ ಬರುತ್ತೇನೆ” ಎಂದು ಚರ್ಮವನ್ನು ಜೇಬಿಗೆ ಹಾಕಿಕೊಂಡೇ ಹೋದ. ಆ ದಿನ ಮ್ಯಾಗ್ಡಲಿನ್ ಕೊಡಪಾನದಲ್ಲೇ ನೀರು ಸೇದಿದಳು.

ಈಶಪ್ಪ ಕೆಲಸದ ಕಡೆಯಿಂದ ಒಡೆದ ಸಿಮೆಂಟು ಪೈಪಿನ ತುಂಡೊಂದನ್ನು ಕೇಳಿ ತಂದ. ಇಳಿತದ ಹೊತ್ತು ನೋಡಿ ಎರಡು ಕಂಬಗಳ ನಡುವಿನ ಒಂದು ಕಂಡಿಯ ಹಲಗೆ ಎತ್ತಿ, ಬುಡದಲ್ಲಿ ಎರಡೂ ಸಾಲಿಗೆ ಅಡ್ಡವಾಗಿ ಪೈಪನ್ನು ಕೂರಿಸಿ, ಸೋರುತ್ತಿದ್ದ ಸಂದಿಗಳಿಗೆಲ್ಲ ಮಣ್ಣು ತುಂಬಿದರು. ಸಮುದ್ರದ ಬದಿಯ ಬಾಯಿಗೆ ಲಾರಿಯ ಟ್ಯೂಬಿನ ರಬ್ಬರು ಹೊಡೆದ ಹಲಗೆಯ ಬಾಗಿಲು, ಮೇಲಿನಿಂದ ನೇತು ಹಾಕಿದ್ದು. ಇಳಿತಕ್ಕೆ ಒಳಗಿನ ನೀರು ಅದನ್ನು ತಳ್ಳಿ ಹೊರಗೆ ಹೋಗಬೇಕು, ಉಬ್ಬರಕ್ಕೆ ಸಮುದ್ರವೇ ಅದನ್ನು ಒತ್ತಿ ಮುಚ್ಚಬೇಕು. ಎಡ್ಮಂಡ್ ದಂಡೆಯಲ್ಲಿ ಕೈಕಟ್ಟಿ ನಿಂತಿದ್ದ. ಉಬ್ಬರ ಏರಿತು. ಬಾಗಿಲು ಟಪ್ಪೆಂದು ಕೂತಿತು. ಎಡ್ಮಂಡ್ ಒಳಗಿನ ನೀರು ಮುಟ್ಟಿ ನಾಲಿಗೆಗಿಟ್ಟು, ಉಗುಳಿ, ಏನೂ ಹೇಳದೆ ಹೋದ. ಅವನು ಏನೂ ಹೇಳದಿದ್ದರೆ ಚೆನ್ನಾಗಿದೆ ಎಂದೇ ಅರ್ಥ.

ಕಥೆ ಇಲ್ಲಿಗೆ ಸುಖಾಂತ್ಯ ಎಂದು ಮುಗಿಸಬಹುದಿತ್ತು, ಹೊಳೆ ಒಪ್ಪಬೇಕಲ್ಲ. ಕೆಲವು ದಿನ ಕಳೆದು ಮೇಲಿನಿಂದ ಬಂದ ಪ್ಲಾಸ್ಟಿಕ್ ಚೀಲವೊಂದು ತೆಂಗಿನ ಸಿಪ್ಪೆಯೊಂದಿಗೆ ಬಾಗಿಲ ಬಾಯಿಗೆ ಸಿಕ್ಕಿಕೊಂಡಿತು. ಬಾಗಿಲು ಅರ್ಧ ತೆರೆದೇ ನಿಂತು ಹುಣ್ಣಿಮೆಯ ಉಬ್ಬರ ಒಳಗೆ ನುಗ್ಗಿತು. ಎಡ್ಮಂಡನ ಕೆಳಗಿನ ಸಾಲಿನ ಗಿಡಗಳು ಸುಟ್ಟವು. ಅವನು ನಿಜವಾಗಿಯೇ ಸಿಮೆಂಟಿನ ಚೀಲ ಹೊತ್ತು ಬಂದ. ಸ್ಟ್ಯಾನಿಸ್ಲಾಸ್ ಸೊಂಟದವರೆಗೆ ಕೊಳಚೆಯಲ್ಲಿ ನಿಂತು ಪ್ಲಾಸ್ಟಿಕ್ ಚೀಲವನ್ನು ಎಳೆಯುತ್ತಿದ್ದ.

“ಮೇಲೆ ಬನ್ನಿ ಬಾವ. ಇವತ್ತಿಗೆ ಸಾಕು.”

“ಎಡ್ಮಂಡ್, ನಿನ್ನ ಗಿಡ ಹೋದದ್ದು ನನ್ನಿಂದ. ಬಾಗಿಲು ಹಾಕಿದೆ, ಕಾವಲು ಹಾಕಲಿಲ್ಲ. ಇನ್ನು ಪ್ರತಿ ಭರತದ ಮೊದಲು ನಾನೇ ಬಂದು ಕಸ ತೆಗೆಯುತ್ತೇನೆ.”

“ಭರತ ದಿನಕ್ಕೆ ಎರಡು ಸಲ. ಮೇ ತನಕ?”

“ಮೇ ತನಕ.”

“ನಿಮಗೆ ಮಂಡೆ ಸಮ ಉಂಟಾ?”

“ಇಷ್ಟು ವರ್ಷ ಒಮ್ಮೆ ಹಲಗೆ ಹಾಕಿ ಮನೆಯಲ್ಲಿ ಮಲಗಿದ್ದೆ. ಅದಕ್ಕೇ ಹೀಗಾದದ್ದು ಮಾರಾಯ.” ಅವನು ಎಳೆದ ಚೀಲವನ್ನು ದಂಡೆಗೆ ಎಸೆದ. “ಒಂದು ಕೂಸು ಹೋಯಿತಲ್ಲ.”

ಎಡ್ಮಂಡ್ ಸಿಮೆಂಟಿನ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡು, “ಇನ್ನೊಮ್ಮೆ ಸುಟ್ಟರೆ ಮಾತ್ರ ನಾನು ನಿಮ್ಮನ್ನು ಕೇಳುವುದಿಲ್ಲ” ಎಂದು ಗೊಣಗುತ್ತ ಹೊರಟ. ಸಿಮೆಂಟು ಅವನ ಮನೆಯ ದನದ ಕೊಟ್ಟಿಗೆಯ ನೆಲಕ್ಕಾಯಿತು.

ಅಂದಿನಿಂದ ಉಬ್ಬರದ ಹೊತ್ತು ಹೇಗೆ ಸರಿಯುತ್ತದೋ ಹಾಗೆ ಸ್ಟ್ಯಾನಿಸ್ಲಾಸನ ದಿನವೂ ಸರಿಯಿತು. ಒಂದು ದಿನ ಊಟದ ನಡುವೆ, ಒಂದು ದಿನ ಪಾದ್ರಿಗಳ ಪ್ರವಚನದ ನಡುವೆ ಎದ್ದು ಹೋಗುತ್ತಿದ್ದ. ಉದ್ದನೆಯ ಬಿದಿರಿನ ಕೊಕ್ಕೆಯಿಂದ ಚೀಲ, ಬಾಟಲಿ, ಚಪ್ಪಲಿ ಎಳೆದು ದಂಡೆಯಲ್ಲಿ ರಾಶಿ ಹಾಕುತ್ತಿದ್ದ. ಜನ ನಕ್ಕರು. ಆಮೇಲೆ ನಗುವುದನ್ನೂ ಮರೆತರು.

ಮಾರ್ಚ್ ಬಂತು. ನೀರು ಡಾಮರಾಗಲಿಲ್ಲ. ಆದರೆ ಕನ್ನಡಿಯೂ ಆಗಲಿಲ್ಲ, ಹಾಲು ಕಡಿಮೆಯಾದ ಚಹಾದ ಬಣ್ಣದಲ್ಲಿ ನಿಂತಿತು. ಮೂಗು ಮುಚ್ಚಿಕೊಳ್ಳದೆ ದಂಡೆಯಲ್ಲಿ ನಡೆಯಬಹುದಿತ್ತು. ಸಣ್ಣ ಮೀನುಗಳು ಮೇಲ್ಬದಿಯಲ್ಲಿ ಕಂಡವು. ಅದನ್ನು ನೋಡಿದ ದಿನ ಸ್ಟ್ಯಾನಿಸ್ಲಾಸನಿಗೆ ಎಷ್ಟು ಸಂತೋಷವಾಯಿತೆಂದರೆ ಮನೆಗೆ ಹೋಗಿ ಮ್ಯಾಗ್ಡಲಿನಳನ್ನು ಬಿಸಿಲಿನಲ್ಲಿ ಕರೆದುಕೊಂಡು ಬಂದು ತೋರಿಸಿದ. ಪೇಟೆಯ ಕೊಳೆ ಮಾತ್ರ ಬರುತ್ತಲೇ ಇತ್ತು. ಘಟಕವೂ ಬರುತ್ತಲೇ ಇತ್ತು.

ತಿಂಗಳ ಕೊನೆಯ ಒಂದು ಮಧ್ಯಾಹ್ನ, ಇಳಿತದ ಹೊತ್ತು. ಪೈಪಿನ ಪಕ್ಕದಲ್ಲಿ ಮಣ್ಣು ಕುಸಿದು ಹಲಗೆಯ ಸಂದಿಯಲ್ಲಿ ಹೊಸದಾಗಿ ಸೋರಲು ಶುರುವಾಗಿತ್ತು. ಅದಕ್ಕೆ ಬಾಗಿಲಿಲ್ಲ, ಉಬ್ಬರ ಬಂದರೆ ಉಪ್ಪು ನೇರ ಒಳಗೆ. ಸ್ಟ್ಯಾನಿಸ್ಲಾಸ್ ಮಣ್ಣು ಸುರಿದು ತಾನೇ ತುಳಿದು ನೋಡಿದ, ನಿಲ್ಲಲಿಲ್ಲ. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ದಣಿದು ಕಂಬಕ್ಕೆ ಒರಗಿದವನು ತಲೆ ಎತ್ತಿದರೆ ದಂಡೆಯಲ್ಲಿ ರಾಚವ್ವ. ಡಿಸೆಂಬರಿನ ನಂತರ ಅವಳು ಕಟ್ಟದ ಹತ್ತಿರ ಬಂದದ್ದು ಅದೇ ಮೊದಲು.

“ನೀರು ಭಾಳ ಚಲೋ ಆಗೈತಿ ಅಂತಾರ್ರೀ ಎಲ್ಲಾರೂ” ಎಂದಳು.

“ಪರವಾಗಿಲ್ಲ ರಾಚವ್ವ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಶಶಿ ಮತ್ತ ಬಸರಾಗ್ಯಾಳ್ರೀ. ಅಲ್ಲಿ ಆಕಿಗೆ ನೋಡ್ಕೊಳ್ಳಾಕ ಯಾರೂ ಇಲ್ಲ. ಅವ್ವಾ ಕರಕೊಂಡು ಹೋಗು ಅಂತ ಹೇಳಿ ಕಳಿಸ್ಯಾಳ. ನೀವ ಹೇಳ್ರಿ ಯಜಮಾನ್ರ. ಈ ಸಲ ಕರಕೊಂಡ ಬರ್ಲೇನ್ರೀ?”

ಸ್ಟ್ಯಾನಿಸ್ಲಾಸ್ ಬಾಯಿ ತೆರೆದ. ಇಷ್ಟು ತಿಂಗಳು ಅವನು ಬೇಡಿಕೊಂಡದ್ದು ಇದನ್ನೇ. ಅವಳು ಬಂದು ಕೇಳಬೇಕು, ತಾನು ಕರೆದುಕೊಂಡು ಬಾ ಎನ್ನಬೇಕು, ಅಲ್ಲಿಗೆ ಆ ಕೂಸಿನ ಭಾರ ಎದೆಯಿಂದ ಇಳಿಯಬೇಕು. ಒಂದೇ ಒಂದು ಮಾತು. ಅವನು ಹೆಗಲ ಮೇಲಿನ ಬೈರಾಸನ್ನು ತೆಗೆದು, ಬಗ್ಗಿ, ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ ನೀರಿಗೆ ಹಿಡಿದ. ಎತ್ತಿ ಬಿಡಿಸಿ ನೋಡಿದ. ಬಿಳಿಯ ಬಟ್ಟೆಯ ಮೇಲೆ ಬೂದು ಬಣ್ಣದ ಲೋಳೆ ಹಿಡಿದಿತ್ತು. ಮೂಗಿಗೆ ಹಿಡಿದ. ಕಡಿಮೆಯಾಗಿತ್ತು. ಹೋಗಿರಲಿಲ್ಲ.

“ಬೇಡ ರಾಚವ್ವ” ಎಂದ. ಹೇಳುವಾಗ ಕಣ್ಣು ತುಂಬಿತು, ಅವನು ಅದನ್ನು ಅಡಗಿಸಲಿಲ್ಲ. “ಈ ವರ್ಷ ಬೇಡ. ಕರೆದುಕೊಂಡು ಬರಬೇಡ. ನೀನೇ ಅಲ್ಲಿಗೆ ಹೋಗು.”

ರಾಚವ್ವ ತಲೆಯಾಡಿಸಿದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಕಂಬ ಹಿಡಿದು ಹಲಗೆಗಳ ನಡುವೆ ಇಳಿದಳು.

“ಅತ್ತಾಗ ಸರೀರಿ ಯಜಮಾನ್ರ, ನಿಮಗ ಬರಂಗಿಲ್ಲ ಅದು. ಆ ಬಾಗಲ ಹಂಗ ಇರ್ಲಿ. ಇದು ಉಪ್ಪಿನ ತೂತು, ಇದನ್ನ ಮುಚ್ಚತೀನಿ” ಎಂದು ಹಿಮ್ಮಡಿ ಊರಿ ತುಳಿಯತೊಡಗಿದಳು. ಸ್ಟ್ಯಾನಿಸ್ಲಾಸ್ ಮಣ್ಣು ಎತ್ತಿ ಕೊಟ್ಟ.